ಹದಿನೇಳು ಏಟು, ಒಂದು ಹೆಬ್ಬೆಟ್ಟು

ಈ ಸಮಾರಂಭದ ಅಧ್ಯಕ್ಷತೆ ವಹಿಸಿ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಶ್ರೀ ಗಡಿಗೆಪ್ಪನವರೇ, ನಮ್ಮ ಟಾಕೀಸಿನ ಮಾಲೀಕರಾಗಿದ್ದ ದಿವಂಗತ ಅಲ್ಲಾಉದ್ದೀನ್ ಸಾಹೇಬರ ಮೊಮ್ಮಗ ಚಿರಂಜೀವಿ ರಿಹಾನ್ ಅವರೇ, ಈ ಹೊತ್ತು ಬಿಡುಗಡೆಯಾದ ಪುಸ್ತಕವನ್ನು ಸಂಪಾದಿಸಿದ ಉಪನ್ಯಾಸಕಿ ಕುಮಾರಿ ಸಂಘಮಿತ್ರಾ ಅವರೇ, ರಾಯಚೂರು, ದೇವದುರ್ಗ, ಸಿರವಾರಗಳಿಂದ ದಯಮಾಡಿಸಿರುವ ಅತಿಥಿಗಳೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಎದ್ದುಹೋಗದೆ ಕುಳಿತಿರುವ ಮಾನ್ವಿಯ ಸಭಿಕರೇ,

ನಾನು ಪೋತ್ನಾಳದ ಹನುಮಂತ್ರಾಯ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ. ಅದಕ್ಕಾಗಿ ಯಾರೂ ನನಗೆ ಒಂದು ಹಾರ ಹಾಕಲಿಲ್ಲ. ನೌಕರಿ ಸಿಗುವ ಮೊದಲು ಟಾಕೀಸಿನ ಬಾಗಿಲಲ್ಲಿ ಕುಳಿತು ಸುಳ್ಳು ಬರೆಯುತ್ತಿದ್ದೆ. ಅದಕ್ಕೆ ಈ ಹೊತ್ತು ಶಾಲು, ಹಾರ, ಹಣ್ಣಿನ ಬುಟ್ಟಿ. ಸುಳ್ಳು ಎಂದದ್ದಕ್ಕೆ ವೇದಿಕೆಯವರು ನಗುತ್ತಿದ್ದಾರೆ. ನಗಲಿ. ನಾನೂ ಬಹಳ ವರ್ಷ ನಕ್ಕಿದ್ದೇನೆ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ನಾವು ಕುಳಿತಿರುವ ಈ ಶಾದಿಮಹಲಿನ ಜಾಗದಲ್ಲೇ ಟಾಕೀಸು ಇತ್ತು. ಎಂಬತ್ನಾಲ್ಕರಿಂದ ಒಂಬತ್ತು ವರ್ಷ, ಪ್ರತಿ ದಸರಾ ರಜೆಗೆ ಒಂದೇ ಸಿನಿಮಾ: ‘ದಸರೆಗೆ ಬಂದ ಬೀಗರು’. ಬೀಗರು ಎರಡು ದಿನಕ್ಕೆಂದು ಬಂದು ರಜೆ ಮುಗಿಯುವ ತನಕ ಕದಲುವುದಿಲ್ಲ. ಮನೆಯವರಿಗೆ ಸಿಟ್ಟು ಬರುತ್ತದೆ. ಬೀಗರಿಗೆ ಹೊಡೆಯಲಾದೀತೇ? ಆದ್ದರಿಂದ ಆಳಿನ ತಲೆಗೆ ಹೊಡೆಯುತ್ತಾರೆ. ಒಟ್ಟು ಹದಿನೇಳು ಏಟು. ಹಾಸ್ಯವೆಂದರೆ ಇಷ್ಟೇ. ನಮ್ಮ ಊರಿನ ಪದ್ಧತಿ ಏನೆಂದರೆ, ಪರದೆಯ ಮೇಲೆ ಏಟು ಬಿದ್ದಾಗಲೆಲ್ಲ ಇಡೀ ಟಾಕೀಸು ಒಕ್ಕೊರಲಿನಿಂದ ಎಣಿಸುತ್ತಿತ್ತು. ಒಂದು! ಎರಡು! ನಮ್ಮ ಅಧ್ಯಕ್ಷರು ಆಗ ಐದನೇ ಇಯತ್ತೆ. ಗಣಿತದಲ್ಲಿ ನಪಾಸು, ಆದರೆ ಹದಿನೇಳರ ತನಕ ಇವರಷ್ಟು ಗಟ್ಟಿಯಾಗಿ ಎಣಿಸುವವರು ತಾಲೂಕಿನಲ್ಲಿ ಇರಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಬಾಗಿಲ ಪಕ್ಕ ಒಂದು ಮೇಜು, ಮೇಜಿನ ಮೇಲೆ ‘ಪ್ರೇಕ್ಷಕರ ಅಭಿಪ್ರಾಯ’ ಎಂಬ ರಿಜಿಸ್ಟರು, ಅದರ ಹಿಂದೆ ನಾನು. ಬರೆಯಲು ಬಾರದವರು ಹೇಳಬೇಕು, ನಾನು ಬರೆದುಕೊಳ್ಳಬೇಕು, ಅವರು ಹೆಬ್ಬೆಟ್ಟು ಒತ್ತಬೇಕು. ರಾಯಚೂರಿನ ಹಂಚಿಕೆದಾರರು ಬಂದು ಅದನ್ನು ತಿರುವಿಹಾಕಿ, ಇನ್ನೊಂದು ವಾರ ಸಿನಿಮಾದ ಡಬ್ಬಿ ಇಲ್ಲಿರಲಿ ಎಂದು ತೀರ್ಮಾನಿಸುತ್ತಿದ್ದರು. ಹೀಗಾಗಿ ಸಾಹೇಬರು ನನಗೆ ಹೇಳಿದ್ದು ಒಂದೇ ಮಾತು, ಚಲೋ ಚಲೋದು ಬರಿಯಪ್ಪಾ ಅಂತ. ಈಗ ನೀವು ಫೋನಿನಲ್ಲಿ ಐದು ನಕ್ಷತ್ರ ಒತ್ತುತ್ತೀರಲ್ಲ, ಏನು ಮಹಾ ಬದಲಾಯಿತು? ಆಗಲೂ ಹೆಬ್ಬೆಟ್ಟು, ಈಗಲೂ ಹೆಬ್ಬೆಟ್ಟು.

ಈ ಪುಸ್ತಕದಲ್ಲಿ ಆ ಅಭಿಪ್ರಾಯಗಳೆಲ್ಲ ಅಚ್ಚಾಗಿವೆ. ಎಂಥ ಅಭಿಪ್ರಾಯಗಳು ಅಂತೀರಿ! ಕುರ್ಡಿಯ ಒಬ್ಬ ರೈತರು, ಫ್ಯಾನು ತಿರುಗಲಿಲ್ಲ, ಬೆವತು ಸತ್ತೆ ಎಂದರು. ನಾನು ಬರೆದದ್ದು: ‘ಮನಸ್ಸಿಗೆ ತಂಪೆರೆಯುವ ಚಿತ್ರ.’ ದೇವದುರ್ಗದವರೊಬ್ಬರು ಕೊನೆಯ ಬಸ್ಸು ತಪ್ಪೀತೆಂದು ಅರ್ಧಕ್ಕೇ ಎದ್ದು ಬಂದಿದ್ದರು. ಅವರ ಹೆಸರಿನ ಮುಂದೆ ‘ಅಂತ್ಯವಂತೂ ಮರೆಯಲಾಗದ್ದು’ ಎಂದಿದೆ. ಸಿರವಾರದ ಸುಗ್ರಾ ಬೇಗಂ ಅವರು ಹನ್ನೊಂದು ಊಟ ತೋರಿಸಿದಿರಿ, ತಾಟು ತೊಳೆದವರು ಯಾರು ಎಂದು ದಖನಿ ಉರ್ದುವಿನಲ್ಲಿ ಕೇಳಿದರು. ಆ ಇಡೀ ಸಿನಿಮಾದ ಮೇಲೆ ಬಂದ ಒಂದೇ ಒಂದು ವಿಮರ್ಶೆ ಅದು. ನಾನು ‘ಮನಮುಟ್ಟುವ ಕೌಟುಂಬಿಕ ಸನ್ನಿವೇಶಗಳು’ ಎಂದು ಬರೆದು ಕೈತೊಳೆದುಕೊಂಡೆ.

ಇದನ್ನೆಲ್ಲ ಹೇಳಿ ನಗಿಸಿ, ಶಾಲು ಹೊದ್ದುಕೊಂಡು ಹೋಗಬಹುದಿತ್ತು. ಆದರೆ ಹೋದ ತಿಂಗಳು ಸಂಘಮಿತ್ರಾ ಫೋನು ಮಾಡಿದರು. ಅಭಿಪ್ರಾಯಗಳನ್ನು ಟೈಪು ಮಾಡುವಾಗ ತಮ್ಮ ಅಜ್ಜಿಯ ಹೆಸರು ಸಿಕ್ಕು ಹಿಗ್ಗಿಹೋಗಿದ್ದರಂತೆ. ಪುಸ್ತಕ ಅಚ್ಚಾಗಿ ಬಂದ ದಿನವೇ ಅಜ್ಜಿಯ ಮುಂದೆ ಕುಳಿತು ಐವತ್ತೊಂದನೆಯ ಪುಟ ತೆಗೆದು ಓದಿದರಂತೆ: ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಎಲ್ಲರೂ ನೋಡಿ ನಗಬೇಕು. ಅಮರಮ್ಮ, ಮಾನ್ವಿ.’ ಅಜ್ಜಿ ಇನ್ನೊಂದು ಸಲ ಓದಿಸಿದರಂತೆ. ಆಮೇಲೆ ಆ ದಿನ ಊಟ ಮಾಡಲಿಲ್ಲವಂತೆ.

“ಸರ್, ಇದು ನಾ ಅಂದಿದ್ದಲ್ಲ ಅಂತಾಳ್ರಿ ನಮ್ಮಜ್ಜಿ. ಏನಂದಿದ್ದಿ ಅಂದ್ರ ಹೇಳವಲ್ಲಳು. ಬರಕೊಂಡವನ್ನ ಕೇಳು ಅಂತಾಳ.”

ಫೋನಿನಲ್ಲಿ ನಾನು ಮರೆತಿದ್ದೇನೆ ಎಂದೆ. ಸಭಿಕರೇ, ಅದೂ ಸುಳ್ಳು.

ಅಮರಮ್ಮನವರ ಗಂಡ ವೆಂಕೋಬ ನಮ್ಮ ಟಾಕೀಸಿನ ಜಾಹೀರಾತಿನ ಬಂಡಿ ತಳ್ಳುತ್ತಿದ್ದರು. ದಸರೆ ಬಂತೆಂದರೆ ಸಿನಿಮಾದ ಆಳಿನ ವೇಷ ಅವರಿಗೇ. ಹರಿದ ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಬೀಗರ ವೇಷ ಅವರಿಗೆ ಯಾಕೆ ಕೊಡಲಿಲ್ಲ ಎಂದು ಕೇಳಬೇಡಿ. ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು. ವೆಂಕೋಬ ಬಂಡಿಯ ಜೊತೆ ಹೊರಟರೆ ಊರಿನ ಮಂದಿ ಟಾಕೀಸಿನೊಳಗೆ ಎಣಿಸಿದ್ದನ್ನು ಬಜಾರಿನಲ್ಲಿ ಅವರ ತಲೆಯ ಮೇಲೆ ಎಣಿಸುತ್ತಿದ್ದರು. ತಮಾಷೆಗೆ! ಯಾರೂ ಸಿಟ್ಟಿನಿಂದ ಹೊಡೆಯಲಿಲ್ಲ, ಎಲ್ಲರೂ ಪ್ರೀತಿಯಿಂದಲೇ ಹೊಡೆದರು. ಈ ಸಭೆಯಲ್ಲಿ ಅರವತ್ತು ದಾಟಿದವರೆಲ್ಲ ಒಮ್ಮೆ ನಿಮ್ಮ ಬಲಗೈ ನೋಡಿಕೊಳ್ಳಿರಿ. ನಾನು ನೋಡಿಕೊಂಡೇ ಬಂದಿದ್ದೇನೆ.

ಮೊದಲ ವರ್ಷವೇ, ಒಂದು ಮ್ಯಾಟಿನಿ ಮುಗಿದ ಮೇಲೆ ಅಮರಮ್ಮ ಮೇಜಿನ ಮುಂದೆ ನಿಂತರು. ಇಲ್ಲಿ ಹೇಳಿದ್ದನ್ನು ದೊಡ್ಡವರು ಓದುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವರಂದದ್ದು ಇಷ್ಟು:

“ಬರಕೋ ತಮ್ಮಾ. ಸಿನಿಮಾದಾಗಿನ ಆಳು ಹೊಡಿಸಿಕೊಂಡು, ಮಾರಿ ತೊಳಕೊಂಡು ಮನಿಗಿ ಹೋಗ್ತಾನ. ನನ್ನ ಗಂಡ ಮನಿಗಿ ಬಂದು ತಲಿ ಹಿಡಕೊಂಡು ಕುಂದರ್ತಾನ. ಆತನ ತಲಿ ಮ್ಯಾಲ ಯಾರೂ ಕೈ ಹಾಕಬ್ಯಾಡ್ರಿ. ಇಷ್ಟ.”

ನಾನು ಪೆನ್ನು ಊರಿದೆ. ಬರೆದೆ. ಏನು ಬರೆದೆನೆಂದು ಈಗ ನಿಮಗೆ ಗೊತ್ತು. ಆಕೆ ನನ್ನ ಪೆನ್ನನ್ನೇ ನೋಡುತ್ತಿದ್ದರು. “ಬರದಿ?” ಎಂದರು. “ಬರದೀನಿ ಯಕ್ಕಾ” ಎಂದೆ. ಹೆಬ್ಬೆಟ್ಟು ಒತ್ತಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋದರು. ಸಾಹೇಬರ ಮೇಲೆ ತಪ್ಪು ಹಾಕಲಾರೆ. ಚಲೋದು ಬರಿ ಎಂದರೇ ಹೊರತು ಆಕೆಯ ಮಾತು ಅಳಿಸು ಎನ್ನಲಿಲ್ಲ. ಕೈ ನನ್ನದು.

ಮರುದಿನ ಬೆಳಿಗ್ಗೆ ವೆಂಕೋಬ ಬಂದು, ನಮ್ಮಾಕಿ ಹೇಳಿದ್ದು ಬರಕೊಂಡಿಯಂತ, ಚಲೋ ಆತು ಎಂದು ನಕ್ಕು, ಎಂದೂ ಇಲ್ಲದ ಉಮೇದಿನಿಂದ ಬಂಡಿ ತಳ್ಳಿಕೊಂಡು ಹೊರಟರು. ಬಸ್‌ಸ್ಟ್ಯಾಂಡಿಗೆ ಹೋಗಿ ಬರುವಷ್ಟರಲ್ಲಿ ಹದಿನೇಳು ಪೂರ್ತಿಯಾಗಿತ್ತು. ತಿರುಗಿ ಬಂದವರು ನನಗೆ ಬಯ್ಯಲಿಲ್ಲ. ರಿಜಿಸ್ಟರು ತೆಗೆಸಿ, ಹೆಂಡತಿಯ ಹೆಬ್ಬೆಟ್ಟಿನ ಗುರುತು ಯಾವುದೆಂದು ಕೇಳಿ, ಅದರ ಮೇಲಿನ ಸಾಲುಗಳನ್ನು ಬೆರಳಿನಿಂದ ಸವರಿ ನೋಡಿದರು.

“ಇನ್ನಾ ಮಂದಿ ಓದಿಲ್ಲ ಕಾಣ್ತದ ತಮ್ಮಾ” ಎಂದರು.

ಒಂಬತ್ತು ದಸರೆ, ಮಂದಿ ಓದಲಿ ಎಂದು ಕಾದರು. ಈಗ ಅವರಿಲ್ಲ. ನಾನು ನೌಕರಿಗೆ ಸೇರಿ, ಕೇಳಿದ್ದನ್ನು ತಪ್ಪಿಲ್ಲದೆ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದೆ. ನಾಚಿಕೆಯಾಗುತ್ತದೆ, ಸಭಿಕರೇ.

ಅಧ್ಯಕ್ಷರು ಮೂರನೆಯ ಸಲ ಗಡಿಯಾರ ನೋಡುತ್ತಿದ್ದಾರೆ. ಮುಗಿಸಿದೆ. ಪುಸ್ತಕದ ಐನೂರು ಪ್ರತಿ ಬಾಗಿಲ ಹತ್ತಿರ ಜೋಡಿಸಿಟ್ಟಿದ್ದಾರೆ. ರಿಹಾನ್ ಅವರನ್ನು ಕೇಳಿ ಅಲ್ಲೊಂದು ಮೇಜು ಹಾಕಿಸಿದ್ದೇನೆ. ಟಾಕೀಸಿನ ಬಾಗಿಲು ಇದ್ದದ್ದೂ ಅಲ್ಲಿಯೇ. ನಾನು ಅಲ್ಲಿ ಕುಳಿತು ಪ್ರತಿಯೊಂದರ ಐವತ್ತೊಂದನೆಯ ಪುಟದಲ್ಲಿ ನನ್ನ ಸಾಲು ಹೊಡೆದುಹಾಕಿ, ಆಕೆಯ ಮಾತು ಬರೆದುಕೊಡುತ್ತೇನೆ. ಬರೆಸಿಕೊಳ್ಳದೆ ಯಾರೂ ಪುಸ್ತಕ ಒಯ್ಯಬಾರದು. ಊಟ ತಣ್ಣಗಾಗುತ್ತದೆ ಅನ್ನುವಿರಾ? ಆಗಲಿ. ಹಾರ ಹಾಕಿದವರಿಗೆ, ಇಷ್ಟು ಹೊತ್ತು ಎಣಿಸದೆ ಕೇಳಿದ ನಿಮಗೆಲ್ಲ ನನ್ನ ವಂದನೆಗಳು.

ಮೊದಲನೆಯ ಪ್ರತಿಯನ್ನು ಇಲ್ಲೇ ಬರೆದು ಮುಗಿಸಿದ್ದೇನೆ. ಮೂರನೆಯ ಸಾಲಿನಲ್ಲಿ ಕುಳಿತಿರುವ ಅಮರಮ್ಮಕ್ಕಾ, ಬರದೀನ್ರಿ. ಆದ್ರ ಈ ಸಲ ನನ್ನ ಮಾತು ನಂಬಬ್ಯಾಡ್ರಿ. ಮೊಮ್ಮಗಳ ಕಡಿಂದ ಓದಿಸಿ ಕೇಳ್ರಿ. ನೀವಂದಿದ್ದು ಇದ ಹೌದು ಅನ್ನಿಸಿದ ಮ್ಯಾಲನ ಹೆಬ್ಬೆಟ್ಟು ಒತ್ತರಿ.

ನಮಸ್ಕಾರ.