ಮುಟ್ಟಬಾರದ ಏಳನೆಯ ರೂಟರ್

ಲಿ-ಚ್ಯುನ್ ಅತ್ತಿಗೆ, ಮನೆಯ ಹಿರಿಯರೇ, ಕಾವ್‌ಸ್ಯುಂಗ್ ಕಚೇರಿಯ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ನಾನು ಫಾಂಗ್ ಯಿ-ರೂ. ಚುವಾಂಗ್ ಪೋ-ಜೆನ್ ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ಕಣ್ಣೀರು ತರಿಸುವ ಮಾತು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನೆಟ್‌ವರ್ಕ್ ಎಂಜಿನಿಯರುಗಳ ಆ ದೊಡ್ಡ ಪರೀಕ್ಷೆ ನಿಮಗೆ ಗೊತ್ತು. ಎಂಟು ಗಂಟೆ — ಒಂದು ಕುರ್ಚಿ, ಒಂದು ಪರದೆ, ಕೆಟ್ಟು ಕೂತ ಒಂದು ನೆಟ್‌ವರ್ಕ್. ಬಾಯಿಪಾಠ ಮಾಡಿ ಹೋದವರು ಊಟದ ಹೊತ್ತಿಗೇ ಬೆವರುತ್ತಾರೆ. ಅದು ಪಾಸಾದರೆ ಮಾತ್ರ ನಮ್ಮಲ್ಲಿ ಮುಖ್ಯ ಎಂಜಿನಿಯರ್ ಹುದ್ದೆ. ಪೋ-ಜೆನ್ ಅಣ್ಣನಿಗೆ ಅದು ಬೇಕಿತ್ತು — ತುಂಬಾ ಬೇಕಿತ್ತು.

ಎರಡು ವರ್ಷ ಅವರ ಬಾಲ್ಕನಿಯಲ್ಲೇ ಅಭ್ಯಾಸ ಮಾಡಿದೆವು. ಒಣಹಾಕಿದ ಬಟ್ಟೆಯ ಕೆಳಗೆ ಆರು ಹಳೆಯ ರೂಟರ್‌ಗಳು. ಅವುಗಳ ಮೇಲೆ, ಯಂತ್ರ ಹಟ ಮಾಡದಿರಲಿ ಎಂದು ನಾವೆಲ್ಲ ಇಡುವ ಹಸಿರು ಪೊಟ್ಟಣದ ತಿಂಡಿ. ಒಂದು ದಿನ ಹಸಿವು ತಡೆಯದೆ ನಾನದನ್ನು ಒಡೆದು ತಿಂದುಬಿಟ್ಟೆ. ಅಣ್ಣ ತಲೆಯ ಮೇಲೆ ಕೈಹೊತ್ತು ಕೂತರು — ಹೀಗೆ.

"ಯಂತ್ರದ ಬಾಯಿಂದ ಕಿತ್ಕೊಂಡು ತಿಂತೀಯಲ್ಲೇ! ಇನ್ನು ಇದು ನನ್ನ ಮಾತು ಕೇಳುತ್ತಾ?"

ಒಳಗಿನಿಂದ ಅತ್ತಿಗೆ ಕೂಗಿದರು: "ನಿಮ್ಮ ಮಾತು ಈ ಮನೇಲಿ ಯಾರು ಕೇಳ್ತಾರೆ ಬಿಡಿ!"

ಅಣ್ಣ ಎರಡು ಸಲ ಫೇಲಾದರು. ಮೂರನೆಯ ಸಲ ಹಾಂಗ್‌ಕಾಂಗ್‌ಗೆ ಇಬ್ಬರೂ ಪರೀಕ್ಷೆ ಬರೆಯಲು ಹೋದೆವು. ಪ್ರಶ್ನೆ ಹೊರಗೆ ಹೇಳಬಾರದೆಂಬ ನಿಯಮವಿದೆ; ಇವತ್ತು ಮುರಿಯುತ್ತೇನೆ. ಏಳನೆಯ ರೂಟರ್ ಮುಟ್ಟಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಅದರಲ್ಲೊಂದು ತಪ್ಪಿತ್ತು — ಮುಖ್ಯ ದಾರಿ ಕಡಿದರೆ ಬದಲಿ ದಾರಿ ತೆರೆಯುತ್ತಿರಲಿಲ್ಲ. ನಾನು ನೋಡಿದೆ, ಬಿಟ್ಟು ಮುಂದೆ ಹೋದೆ. ಅಣ್ಣನೂ ನೋಡಿದರು — ಸರಿಮಾಡಿದರು.

ನಾನು ಪಾಸು. ಅವರು ಅದೊಂದಕ್ಕೇ ಫೇಲು. ವಿಮಾನ ನಿಲ್ದಾಣದಲ್ಲಿ ನೂಡಲ್ಸ್ ಮುಂದಿಟ್ಟುಕೊಂಡು ಕೇಳಿದೆ:

"ಮುಟ್ಬೇಡಿ ಅಂತ ಬರ್ದಿತ್ತಲ್ಲಣ್ಣ?"

"ಓದ್ದೆ ಕಣೇ."

"ಮತ್ತೆ?"

"ಕಣ್ಣಿಗೆ ಬಿತ್ತಲ್ಲ."

ಹುದ್ದೆ ನನಗೆ ಬಂತು. ಮೊದಲ ದಿನ ಅಣ್ಣ ಬಾಗಿಲಲ್ಲಿ ನಿಂತು, "ಬಾಸ್, ಟೀ ತರಿಸ್ಲಾ?" ಎಂದು ಛೇಡಿಸಿದರು. ನನಗೆ ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಅಣ್ಣನ ನಾಲ್ಕನೆಯ ಪರೀಕ್ಷೆ ಮುಂದಿನ ತಿಂಗಳಿತ್ತು. ಕಳೆದ ವಾರ, ಅಭ್ಯಾಸಕ್ಕೆ ಕೂತಲ್ಲೇ, ಅವರ ಹೃದಯ ನಿಂತಿತು.

ನಿನ್ನೆ ಅವರ ಮೇಜು ತೆರವು ಮಾಡುವಾಗ ಒಂದು ನೋಟ್‌ಬುಕ್ ಸಿಕ್ಕಿತು. ಮೊದಲ ಪುಟದ ತುಂಬ ಒಂದೇ ಸಾಲು — 'ಯಾರೂ ಹೇಳದೆ ಮುಟ್ಟಬೇಡ, ಯಾರೂ ಹೇಳದೆ ಮುಟ್ಟಬೇಡ.' ಪರೀಕ್ಷೆಗೆಂದು ಶಾಲೆಯ ಮಕ್ಕಳ ಹಾಗೆ ಬರೆದು ಬರೆದು ಕಲಿಯುತ್ತಿದ್ದರು. ಉಳಿದ ಪುಟಗಳಲ್ಲಿ ನಮ್ಮ ಕಚೇರಿಯ ನೆಟ್‌ವರ್ಕ್‌ನ ತಪ್ಪುಗಳು. ಯಾರೂ ಹೇಳದೆ ಅವರೇ ಕಂಡು ಸರಿಮಾಡಿದವು. ಮೂರು ವರ್ಷದಿಂದ ನೆಟ್‌ವರ್ಕ್ ಒಮ್ಮೆಯೂ ಬೀಳಲಿಲ್ಲವೆಂದು ನೀವೆಲ್ಲ ನನಗೆ ಚಪ್ಪಾಳೆ ತಟ್ಟಿದಿರಿ. ಆ ತಪ್ಪುಗಳಲ್ಲಿ ಕೆಲವನ್ನು ನಾನೂ ನೋಡಿದ್ದೆ — ಬಿಟ್ಟಿದ್ದೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ. ಡ್ಯೂಟಿಯಲ್ಲಿರುವವರು ಫೋನ್ ಆಫ್ ಮಾಡಬೇಡಿ. ಕರೆ ಬಂದರೆ ಮೌನದ ನಡುವೆಯೇ ಹೊರಟುಬಿಡಿ — ನಮ್ಮ ಹಿಂದೆ ಸರಿಮಾಡುತ್ತಾ ಬರುವವರು ಇನ್ನಿಲ್ಲ.