ಆರನೇ ನಿಪ್ಪಲ್

ಮಿಸೌರಿಯ ಗುಂಡು ಹೊಡೆಯುವ ಪಂದ್ಯದಲ್ಲಿ ಸ್ಯಾಂಡ್‌ವಿಚ್ಚಿಗೆ ಸಾಲು ನಿಂತಿದ್ದ ಆಮೋಸನ ಕಣ್ಣು ಒಲೆಯ ಮೇಲಿದ್ದರೂ ಕಿವಿಯೆಲ್ಲ ಮುಂದಿದ್ದ ಅಕ್ಕ-ತಮ್ಮನ ಮೇಲಿತ್ತು.

“ಅಪ್ಪನ ಹಳೇ ಮದ್ದಿನ ರಿವಾಲ್ವರಿಗೆ ಕೇಪು ಕೂರಿಸೋ ನಿಪ್ಪಲ್ ಆರೂ ಹೊಸದು ಹಾಕೋಕೆ ಹೋದೆ ಕಣೇ. ಐದು ಬೆರಳಲ್ಲೇ ತಿರುಗಿ ಕೂತ್ವು.”

“ಆರನೇದೇನಾಯ್ತು, ಹೀರೋ?”

“ಕಳೆದೋಯ್ತು. ಡಬ್ಬೀಲಿದ್ದ ಬೇರೆ ಯಾವ್ದೋ ಒಂದನ್ನ ಪಾನಾ ಹಾಕಿ ಬಿಗಿದೆ.”

“ಅಯ್ಯೋ ವರ್ಜಿಲ್! ತಿರುಪಿನ ಥ್ರೆಡ್ ಹೊಂದದೇ ಇದ್ರೆ ಗುಂಡು ಹೊಡೆದಾಗ ಅದು ಸಿಡಿದು ಮುಖಕ್ಕೇ ಬರತ್ತೆ ಕಣೋ ಕತ್ತೆ. ಅಪ್ಪಂಗೆ ಹೇಳಿದ್ಯಾ?”

“ನನ್ನ ಮಗನೇ ರಿಪೇರಿ ಮಾಡಿದ್ದು ಅಂತ ಸಿಕ್ಕಿದೋರಿಗೆಲ್ಲ ತೋರಿಸ್ತಿದಾರೆ. ಹೆಂಗೆ ಹೇಳ್ಲಿ?”

ಮೈದಾನದಿಂದ ಕೂಗು ಬಂತು: “ಮದ್ದು ತುಂಬಿ!”

ಅಕ್ಕ ತಮ್ಮನ ಕಾಲರ್ ಹಿಡಿದು ಎಳೆದಳು. ಇಬ್ಬರೂ ಸಾಲು ಬಿಟ್ಟು ಅಪ್ಪ ಗುರಿಯಿಡಲು ನಿಂತಿದ್ದ ಕಡೆಗೆ ಓಡಿದರು. ಇಡೀ ಮೈದಾನ ತಿರುಗಿ ನೋಡುವಂತೆ ಅವನು ಕಿರುಚಿದ:

“ಅಪ್ಪಾ, ಗುಂಡು ಹೊಡೀಬೇಡ! ಅದನ್ನ ಕೆಡಿಸಿದ್ದು ನಾನೇ!”