ಎಂಟು ಗಂಟೆ ಮಾತ್ರೆ

ರಾತ್ರಿ ಒಂಬತ್ತೂವರೆ ಇರ್ಬೇಕು. ನಮ್ಮ ಚಿಕ್ಕವ್ವನ ಮಗಳು ಶಿವರಂಜನಿ ಡೂಟಿ ಮುಗಿಸ್ಕೊಂಡು ಒಬ್ಳೇ ಮನೆಗೆ ಬತ್ತಿದ್ಲು. ಆಸನೂರಿಂದ ಈಚೆಗೆ, ಕಾಡು ದಾರೀಲಿ, ದೊಡ್ಡ ಆಲದ ಮರದತ್ರ ಬಂದಾಗ ಬೆನ್ನಿಂದೆ ಸದ್ದು...

ಸರ್ರ್... ಸರ್ರ್...

ಆನೆಯಲ್ಲ. ಕಾಲೆತ್ತಕಾಗ್ದೆ ಎಳ್ಕೊಂಡು ನಡೆಯೋ ರಬ್ಬರ್ ಚಪ್ಪಲಿ ಸದ್ದು. ಅದು ಅವಳಿಗೆ ಚೆನ್ನಾಗೇ ಗೊತ್ತು. ಮಾತ್ರೆ ತಿಂದ ಮುದುಕೀರು ಅಂಗೇ ನಡೆಯೋದು.

ನಾವಿಬ್ರೂ ಒಂದೇ ಕಡೆ ಆಯಾ ಕೆಲ್ಸಕ್ಕಿದ್ದೊ. ವಯಸ್ಸಾದೋರ್ನ ನೋಡ್ಕೊಳ್ಳೋ ನರ್ಸಿಂಗ್ ಹೋಮು. ಅದ್ನಾಕು ಮಂಚ, ಅದ್ನಾಕು ಮುದುಕೀರು, ರಾತ್ರಿಗೆ ಒಬ್ಬಳೇ ಆಯಾ. ಡಾಕ್ಟ್ರು ನಿದ್ದೆ ಮಾತ್ರೆ ಬರೆದಿದ್ದು ಇಬ್ರಿಗೆ. ಎಡ್ ನರ್ಸು ನಾಗಮಣಿ ಮೇಡಮ್ಮು ಎಂಟು ಗಂಟೆಗೆ ಎಲ್ಲಾರ್ಗೂ ಕೊಡುಸೋರು. ಮೊಸರನ್ನದಲ್ಲಿ ಪುಡಿ ಮಾಡಿ. ಅರ್ಚನ ಅನ್ನೋ ಇನ್ನೊಬ್ಳು ಆಯಾ ಒಂದ್ಸಲ ‘ಯಾಕೆ ಮೇಡಮ್?’ ಅಂದ್ಲು. ತಿಂಗಳು ಪೂರ್ತಿ ರಾತ್ರಿ ಡೂಟಿ ಬಿತ್ತು ಅವಳಿಗೆ. ಅವತ್ತಿಂದ ನಾವು ಟೀ ಕುಡಿವಾಗ್ಲೂ ಒಬ್ರಮುಕ ಒಬ್ರು ನೋಡ್ತಿರ್ಲಿಲ್ಲ.

ತಾಳಮಲೆ ಕಡೆಯೋಳು ಮಂಗಳಮ್ಮ ಅಂತ ಇದ್ಲು. ಬೆಳಗಿನ ಜಾವ ನಾಕಕ್ಕೇ ಎದ್ದು, ‘ಅಸ ಕರೀಬೇಕು, ಬಾಗ್ಲು ತೆಗೀರವ್ವಾ’ ಅನ್ನೋಳು. ಅದಕ್ಕೇ ಅವಳಿಗೆ ಎರಡು ಮಾತ್ರೆ. ಒಂದಿನ ಏಳ್ಲೇ ಇಲ್ಲ. ಅದ್ರ ಮುಂಚಿನ ರಾತ್ರಿ ತಿನ್ನಿಸಿದ್ದು ಶಿವರಂಜನೀನೇ.

‘ಅಳು ಬರ್ಲಿಲ್ಲ ಕಣಕ್ಕಾ,’ ಅಂದ್ಲು ನನ್ನತ್ರ. ‘ಬೆಡ್‌ಶೀಟು ಬದಲಾಯಿಸ್ದೆ. ಅಷ್ಟೇ.’

ಅದಾಗಿ ಮೂರನೇ ದಿನ ಈ ಆಲದ ಮರ. ಸದ್ದು ನಿಂತೋಯ್ತು. ಕಿವಿ ಅತ್ರನೇ ಉಸಿರು...

‘ಎಬ್ಬುಸವ್ವಾ...’

ಮಂಗಳಮ್ಮನ ದನಿ. ಇವಳು ಓಡ್ಲಿಲ್ಲ. ಬಯಾನೂ ಆಗ್ಲಿಲ್ವಂತೆ. ತಿರುಗ್ದೇನೇ ಕೇಳುದ್ಲು, ‘ಯಾರ್ನ?’

‘ಎಲ್ಲಾರ್ನೂವೆ.’

ಆಮೇಲೆ ಏನೂ ಇಲ್ಲ. ಮನೆಗೆ ಬಂದು ಉಂಡು ಮಲಗುದ್ಲು.

ಮಾರನೆ ದಿನ ಅವಳಿಗೆ ರಾತ್ರಿ ಡೂಟಿ. ನಾಗಮಣಿ ಮೇಡಮ್ಮು ಮಾತ್ರೆ ಎಣಿಸ್ಕೊಟ್ಟು ಒಂಟೋದ್ರು. ಇವಳು ಪಟ್... ಪಟ್... ಅಂತ ಒಂದೊಂದೇ ಬಿಡಿಸಿ, ಕಕ್ಕಸಿಗಾಕಿ ನೀರು ಬುಟ್ಲು. ಬರೀ ಮೊಸರನ್ನ ತಿನ್ನಿಸುದ್ಲು. ಬಾಗ್ಲಿಗೆ ಒಳಗ್ನಿಂದ ಬೀಗ ಆಕಿ, ಕೀ ಸೊಂಟಕ್ಕೆ ಸಿಗಿಸ್ಕೊಂಡು ಸ್ಟೂಲ್ ಮೇಲೆ ಕೂತ್ಲು. ನಾಕು ಗಂಟೆವರ್ಗೂ ಎಚ್ಚರಾಗಿದ್ದಿದ್ದು ಅವಳಿಗೆ ಗೊತ್ತು. ಮಂಚಗಳಲ್ಲಿ ಪಿಸಿಪಿಸಿ ಮಾತು ಕೇಳ್ತಂತೆ, ಬಳೆ ಸದ್ದು ಕೇಳ್ತಂತೆ. ಆಮೇಲೆ ಅವಳಿಗೇ ಜೋಂಪು ಅತ್ತಿಬುಡ್ತು.

ಆರು ಗಂಟೆಗೆ ನಾನು ಬಂದು ಬಾಗ್ಲು ಬಡಿದೆ. ಅವಳೇ ಎದ್ದು ಬೀಗ ತೆಗೆದ್ಲು. ಒಳಗೆ ಉಳಿದಿದ್ದ ಅದ್ಮೂರು ಜನಾನೂ ಎದ್ದು ಕೂತವ್ರೆ. ಒಬ್ಬಳು ತಲೆ ಬಾಚ್ಕತಾವ್ಳೆ. ಇನ್ನೊಬ್ಬಳು ನನ್ನ ನೋಡಿ, ‘ನೀನ್ ಯಾರ ಮಗಳವ್ವಾ?’ ಅಂದ್ಲು. ಎರಡು ವರ್ಸದಿಂದ ಅವಳಿಗೆ ಉಣ್ಣಿಸ್ತಿದ್ದೋಳು ನಾನು. ದನಿ ಕೇಳಿದ್ದು ಅವತ್ತೇ.

ನಾಗಮಣಿ ಮೇಡಮ್ಮು ಬಂದು ಮಂಚ ಮಂಚಾನೂ ನೋಡುದ್ರು. ‘ಯಾರು ಇವರ್ನ ಆಚೆಗೆ ಬುಟ್ಟೋರು?’ ಅಂದ್ರು. ಶಿವರಂಜನಿ ಕೀ ಮೇಜಿನ ಮೇಲಿಟ್ಟು, ಚೀಲ ತಗೊಂಡು ಒಂಟ್ಲು. ಮತ್ತೆ ಆ ಕೆಲ್ಸಕ್ಕೆ ಬರ್ಲೇ ಇಲ್ಲ.

ಮೇಡಮ್ಮು ಅಂಗೆ ಕೇಳಿದ್ದು ಯಾಕೆ ಅಂದ್ರೆ... ಅದ್ಮೂರು ಜನರ ಕಾಲಲ್ಲೂ ಕೆಸರು. ಕೆಂಪು ಅಸಿ ಕೆಸರು, ಮೊಣಕಾಲ್ವರ್ಗೂವೆ. ಮಳೆ ಬಂದು ತಿಂಗಳಾಗಿತ್ತು. ಪುಟ್ಟಜ್ಜಿ ಅಂತ ಒಬ್ಬಳು, ಸೊಂಟ ಮುರಿದು ಎದ್ದು ನಿಂತೋಳೇ ಅಲ್ಲ. ಅವಳ ಕಾಲಿಗೂ ಮೆತ್ತಿತ್ತು, ಬೆರಳ್ ಸಂದೀಲಿ ಉಲ್ಲಿನ ಎಸಳು.

ನಂಬೋದಾದ್ರೆ ನಂಬಿ, ಬುಟ್ರೆ ಬುಡಿ. ಆ ಕಾಲ್ಗಳ್ನ ತೊಳೆದೋಳು ನಾನು. ನಾಕು ಬಕೀಟು ನೀರು ಇಡೀತು.